ಮನೆಮಂದಿಯೆಲ್ಲ ಬಳಸುವ ಹಳೆ ಕಂಪ್ಯೂಟರಿಗೆ ಆಂಟಿವೈರಸ್: ಕೊಡಗಿನ ಮಾದಾಪುರದಿಂದ ಒಂದು ವಿಮರ್ಶೆ

ಮೊದಲೇ ತೀರ್ಪು ಹೇಳಿಬಿಡುತ್ತೇನೆ. ನಮ್ಮ ಮನೆಯ ಕಂಪ್ಯೂಟರಿಗೆ ದುಡ್ಡು ಕೊಟ್ಟು ಆಂಟಿವೈರಸ್ ಹಾಕಿಸುವುದನ್ನು ನಿಲ್ಲಿಸಿದ್ದೇವೆ. ವಿಂಡೋಸ್ ಜೊತೆಗೇ ಬರುವ ಡಿಫೆಂಡರ್‌ನಲ್ಲೇ ನಡೆಯುತ್ತಿದೆ. ಆದರೆ "ಡಿಫೆಂಡರ್ ಸಾಕು ಬಿಡಿ" ಅಂತ ಒಂದೇ ಮಾತಲ್ಲಿ ಮುಗಿಸಿದರೆ ಅದು ಅರ್ಧ ಸತ್ಯ. ಮಷೀನು ಹಳೆಯದು. ಮುಟ್ಟುವ ಕೈಗಳು ಜಾಸ್ತಿ. ಮಳೆಗಾಲದಲ್ಲಿ ನೆಟ್ ಬಂದರೆ ಬಂತು, ಹೋದರೆ ಹೋಯಿತು. ಇಂಥ ಮನೆಯಲ್ಲಿ ಯಾವ ಕಂಪನಿಯ ಆಂಟಿವೈರಸ್ ಅನ್ನುವುದಕ್ಕಿಂತ, ಏನನ್ನು ಬೇಕಾದರೂ ಹಾಕುವ, ತೆಗೆಯುವ ಅಧಿಕಾರ ಕೊಡುವ ಅಡ್ಮಿನ್ ಪಾಸ್‌ವರ್ಡ್ ಯಾರ ಹತ್ತಿರ ಇದೆ ಅನ್ನುವುದೇ ದೊಡ್ಡ ಪ್ರಶ್ನೆ. ಅಲ್ಲಿಗೆ ನಿಧಾನಕ್ಕೆ ಬರುತ್ತೇನೆ.

ಮಷೀನಿನ ಜಾತಕ ಹೀಗಿದೆ. 2014ರಲ್ಲಿ ತಂದ ಡೆಸ್ಕ್‌ಟಾಪ್. ನಾಲ್ಕನೇ ತಲೆಮಾರಿನ ಕೋರ್ ಐ3, 4 ಜಿಬಿ ರ‍್ಯಾಮ್, 500 ಜಿಬಿಯ ತಿರುಗುವ ಹಾರ್ಡ್ ಡಿಸ್ಕ್. ಬಂದಾಗ ವಿಂಡೋಸ್ 8.1 ಇತ್ತು, ಆಮೇಲೆ ಮೈಕ್ರೋಸಾಫ್ಟ್ ಪುಕ್ಕಟೆ ಕೊಟ್ಟ ಕಾಲದಲ್ಲಿ ವಿಂಡೋಸ್ 10 ಆಯಿತು. ಜಗಲಿಯ ಪಕ್ಕದ ಕೋಣೆಯಲ್ಲಿದೆ, ಅಂದರೆ ಯಾರು ಬೇಕಾದರೂ ಬಂದು ಕೂರಬಹುದು. ಯಜಮಾನರು ತೋಟದ ಚೆಕ್‌ರೋಲ್ (ಆಳುಗಳ ಹಾಜರಿ, ಕೂಲಿ), ಕಾಫಿ ಮತ್ತು ಒಳ್ಳೆಮೆಣಸಿನ ಲೆಕ್ಕವನ್ನು ಎಕ್ಸೆಲ್‌ನಲ್ಲಿ ಇಡುತ್ತಾರೆ. ಮಾವನಿಗೆ ಇ-ಪೇಪರ್. ಅತ್ತೆಗೆ ಯೂಟ್ಯೂಬ್‌ನಲ್ಲಿ ಭಜನೆ, ಅದು ಮುಗಿದರೆ ಉಪ್ಪಿನಕಾಯಿ. ಮಗಳಿಗೆ ಕಾಲೇಜಿನ ಅಸೈನ್‌ಮೆಂಟ್. ಮೈದುನನ ಮಗನಿಗೆ ಗೇಮ್. ನನಗೆ ಹೋಂಸ್ಟೇ ಬುಕಿಂಗ್‌ನ ಮೇಲ್‌ಗಳು. ಇದರ ಮೇಲೆ ಹೋಂಸ್ಟೇಗೆ ಬಂದ ಅತಿಥಿಗಳು ಪೆನ್ ಡ್ರೈವ್ ಹಿಡಿದುಕೊಂಡು "ಆಂಟಿ, ಒಂದು ಪ್ರಿಂಟ್ ತೆಗೀಬಹುದಾ" ಅಂತ ಬರುತ್ತಾರೆ.

ಆ ಪೆನ್ ಡ್ರೈವ್ ಕಂಡರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಮದುವೆಯಾಗಿ ಈ ಮನೆಗೆ ಬರುವ ಮುಂಚೆ ಮಡಿಕೇರಿಯ ಒಂದು ಪ್ರೆಸ್ಸಿನಲ್ಲಿ ಡಿಟಿಪಿ ಮಾಡುತ್ತಿದ್ದೆ. ಮದುವೆ ಸೀಸನ್‌ನಲ್ಲಿ ದಿನವಿಡೀ ಲಗ್ನಪತ್ರಿಕೆ, ಗೃಹಪ್ರವೇಶ, ತಿಥಿ ಕಾರ್ಡು. ಎಲ್ಲ ಬರುತ್ತಿದ್ದದ್ದು ಪೆನ್ ಡ್ರೈವ್‌ನಲ್ಲಿ. ತೆರೆದರೆ ಫೋಲ್ಡರುಗಳೆಲ್ಲ ಮಾಯ, ಜಾಗದಲ್ಲಿ ಶಾರ್ಟ್‌ಕಟ್‌ಗಳು ಕೂತಿರುತ್ತಿದ್ದವು. ಗಿರಾಕಿ "ಅಯ್ಯೋ ನನ್ನ ಮಗಳ ಫೋಟೋ ಹೋಯ್ತು" ಅಂತ ಕೂಗುತ್ತಿದ್ದರು. ಹೋಗಿರುತ್ತಿರಲಿಲ್ಲ, ವೈರಸ್ ಅದನ್ನು ಅಡಗಿಸಿ ಇಟ್ಟಿರುತ್ತಿತ್ತು. ಕಮಾಂಡ್ ಪ್ರಾಂಪ್ಟ್ ತೆರೆದು, ಫೈಲನ್ನು ಅಡಗಿಸುವ ಅಟ್ರಿಬ್ಯೂಟ್ ಅನ್ನುವ ಗುರುತು ತೆಗೆದರೆ ಫೋಟೋ ವಾಪಸ್. ಆಗಿನ ವಿಂಡೋಸ್‌ನಲ್ಲಿ ಪೆನ್ ಡ್ರೈವ್ ಚುಚ್ಚಿದರೆ ಸಾಕು, ಆಟೋರನ್ ಅನ್ನುವ ಸೌಲಭ್ಯ ತಾನೇ ಪ್ರೋಗ್ರಾಂ ಓಡಿಸಿಬಿಡುತ್ತಿತ್ತು. ವಿಂಡೋಸ್ 7ರಲ್ಲಿ ಮೈಕ್ರೋಸಾಫ್ಟ್ ಅದನ್ನು ಪೆನ್ ಡ್ರೈವ್‌ಗಳಿಗೆ ನಿಲ್ಲಿಸಿತು. 2011ರಲ್ಲಿ ಎಕ್ಸ್‌ಪಿಗೂ ವಿಸ್ಟಾಗೂ ಅದೇ ಅಪ್‌ಡೇಟ್ ಕೊಟ್ಟಿತು. ಆಮೇಲೆ ಪೆನ್ ಡ್ರೈವ್ ಕಾಟ ಎಷ್ಟೋ ಕಡಿಮೆಯಾಯಿತು. ಆದರೂ ಶಾರ್ಟ್‌ಕಟ್ ವೈರಸ್ ಪೂರ್ತಿ ಸತ್ತಿಲ್ಲ, ಯಾಕೆಂದರೆ ಅದಕ್ಕೆ ಆಟೋರನ್ ಬೇಡ. ಫೋಲ್ಡರ್ ಅಂದುಕೊಂಡು ನಾವೇ ಡಬಲ್ ಕ್ಲಿಕ್ ಮಾಡುತ್ತೇವಲ್ಲ, ಅಷ್ಟು ಸಾಕು.

ಹಳೆ ಮಷೀನಿಗೆ ಆಂಟಿವೈರಸ್ ಯಾಕೆ ಭಾರ ಅನ್ನುವುದನ್ನು ಅಂಗಡಿಯವರು ಹೇಳುವುದಿಲ್ಲ. ನೀವು ತೆರೆಯುವ ಪ್ರತಿ ಫೈಲನ್ನೂ ಅದು ನಿಮಗಿಂತ ಮುಂಚೆ ಓದಿ ನೋಡುತ್ತದೆ. ಎಸ್‌ಎಸ್‌ಡಿ ಅನ್ನುವ, ತಿರುಗುವ ಭಾಗವೇ ಇಲ್ಲದ ಡಿಸ್ಕ್ ಇದ್ದರೆ ಇದು ಗೊತ್ತೇ ಆಗುವುದಿಲ್ಲ. ತಿರುಗುವ ಡಿಸ್ಕ್‌ನಲ್ಲಿ ಓದುವ ಮುಳ್ಳು ಅಲ್ಲಿಗೂ ಇಲ್ಲಿಗೂ ಓಡಾಡಬೇಕು. ಬೆಳಿಗ್ಗೆ ಮಷೀನ್ ಆನ್ ಮಾಡಿದಾಗ ವಿಂಡೋಸ್ ಅಪ್‌ಡೇಟ್, ಬ್ರೌಸರ್, ಆಂಟಿವೈರಸ್ ಮೂರೂ ಒಟ್ಟಿಗೆ ಡಿಸ್ಕಿಗೆ ಮುಗಿಬೀಳುತ್ತವೆ. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ, ಡಿಸ್ಕ್ 100% ಅಂತ ಕೆಂಪಾಗಿ ಕೂತಿರುತ್ತದೆ. 4 ಜಿಬಿ ರ‍್ಯಾಮ್‌ನಲ್ಲಿ ಅರ್ಧದಷ್ಟು ವಿಂಡೋಸ್‌ಗೇ ಬೇಕು. ಉಳಿದದ್ದರಲ್ಲಿ ವಿಪಿಎನ್, ಪಾಸ್‌ವರ್ಡ್ ಮ್ಯಾನೇಜರ್, "ಪಿಸಿ ಟ್ಯೂನ್‌ಅಪ್" ಅಂತ ಬಾಲಂಗೋಚಿಗಳನ್ನೆಲ್ಲ ಕಟ್ಟಿಕೊಂಡ ದೊಡ್ಡ ಪ್ಯಾಕೇಜ್ ಹಾಕಿದರೆ ಬಡ ಮಷೀನು ಏನು ಮಾಡಬೇಕು?

ಜರ್ಮನಿಯ ಎವಿ-ಟೆಸ್ಟ್, ಆಸ್ಟ್ರಿಯಾದ ಎವಿ-ಕಂಪ್ಯಾರೇಟಿವ್ಸ್ ಅಂತ ಎರಡು ಸ್ವತಂತ್ರ ಸಂಸ್ಥೆಗಳು ಆಂಟಿವೈರಸ್‌ಗಳನ್ನು ಪರೀಕ್ಷೆ ಮಾಡಿ ಅಂಕ ಕೊಡುತ್ತವೆ. ಫಲಿತಾಂಶ ಪುಕ್ಕಟೆ ನೋಡಬಹುದು. ಅಂಗಡಿಯವರ ಮಾತಿಗಿಂತ ಇದು ಮೇಲು. ಎವಿ-ಟೆಸ್ಟ್ ರಕ್ಷಣೆ, ವೇಗ, ಬಳಕೆಗೆ ತಲಾ 6ರಂತೆ ಒಟ್ಟು 18 ಅಂಕ ಇಡುತ್ತದೆ. ಅಲ್ಲಿ ಈಗ ಹೆಚ್ಚು ಕಡಿಮೆ ಎಲ್ಲರೂ ರ‍್ಯಾಂಕ್ ವಿದ್ಯಾರ್ಥಿಗಳೇ. ಡಿಫೆಂಡರ್ ಕೂಡ ಎಷ್ಟೋ ಸಲ ಪೂರ್ತಿ ಅಂಕ ತೆಗೆದುಕೊಂಡಿದೆ. ಆದರೆ ಅವರ ಮಷೀನು ನಮ್ಮ ಮಷೀನಲ್ಲ. ಹಾಗಾಗಿ ವೇಗದ ಅಂಕ ನೋಡಿ ಮೋಸ ಹೋಗಬೇಡಿ. ನಿಮ್ಮ ಮನೆಯಲ್ಲೇ ಟ್ರಯಲ್ ಹಾಕಿ ನೋಡುವುದೊಂದೇ ದಾರಿ.

ನಾನೂ ಹಾಗೆಯೇ ನೋಡಿದ್ದು. ನಮ್ಮ ಕಡೆ ಅಂಗಡಿಗಳಲ್ಲಿ ಕಣ್ಣಿಗೆ ಬೀಳುವುದು ಕ್ವಿಕ್ ಹೀಲ್. ಪುಣೆಯ ಕಂಪನಿ, ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದವರು 90ರ ದಶಕದಲ್ಲಿ ಕಟ್ಟಿದ್ದು. ನಾನು ಪ್ರೆಸ್ಸಿನಲ್ಲಿದ್ದಾಗ ಪೆನ್ ಡ್ರೈವ್ ವೈರಸ್‌ಗಳಿಗೆ ಇದೇ ನಮ್ಮ ಮದ್ದು. ಪೆನ್ ಡ್ರೈವ್ ಚುಚ್ಚಿದ ಕೂಡಲೇ ಸ್ಕ್ಯಾನ್ ಮಾಡುವ ಅಭ್ಯಾಸ ನನಗೆ ಬಂದದ್ದೇ ಅದರಿಂದ. ಅದರ ಹೆಸರು ಕೇಳಿದರೆ ಈಗಲೂ ಒಂದು ಗೌರವ ಇದೆ. ಇನ್ನೊಂದು ಚೆನ್ನೈನ ಕೆ7. 1991ರಿಂದ ಇದೆ ಅಂದರೆ ನಮ್ಮಲ್ಲಿ ಕಂಪ್ಯೂಟರ್ ಅನ್ನುವ ಪೆಟ್ಟಿಗೆಯನ್ನೇ ಜನ ನೋಡಿರದ ಕಾಲ. ಹಳೆ ಮಷೀನಿಗೆ ದುಡ್ಡು ಕೊಟ್ಟು ಹಾಕಲೇಬೇಕು ಅನ್ನುವವರಿಗೆ ನಾನು ಹೇಳುವ ಹೆಸರು ಇದೇ. ಟ್ರಯಲ್ ಹಾಕಿ ನೋಡಿದಾಗ ನಮ್ಮ ಡಿಸ್ಕ್ ಉಸಿರಾಡುತ್ತಿತ್ತು. ಎಕ್ಸೆಲ್ ತೆರೆಯುವುದಕ್ಕೆ ಮುಂಚಿಗಿಂತ ಹೊತ್ತು ಹಿಡಿದಂತೆ ಯಜಮಾನರಿಗೆ ಅನ್ನಿಸಲಿಲ್ಲ. ಅವರು ಇಂಥ ವಿಷಯದಲ್ಲಿ ಸುಮ್ನೆ ಇರುವ ಮನುಷ್ಯರಲ್ಲ.

ಕಿರಿಕಿರಿ ಕೊಟ್ಟದ್ದು ಬೇರೆ ಎರಡು. ಹೆಸರು ಬೇಡ. ಒಂದು, ವರ್ಷದ ಚಂದಾ ಮುಗಿಯುವುದಕ್ಕೆ ಇನ್ನೂ ಎಷ್ಟೋ ವಾರ ಇರುವಾಗಲೇ ಪರದೆ ತುಂಬ ಕೆಂಪು ಎಚ್ಚರಿಕೆ ಹಾಕುತ್ತಿತ್ತು. "ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ" ಅಂತ ಇಂಗ್ಲಿಷ್‌ನಲ್ಲಿ ಬಂದದ್ದನ್ನು ನೋಡಿ ಮಾವ ಪ್ಲಗ್ಗನ್ನೇ ಕಿತ್ತಿಟ್ಟಿದ್ದರು. ವೈರಸ್ ಇರಲಿಲ್ಲ, ಕಂಪನಿಗೆ ದುಡ್ಡು ಬೇಕಿತ್ತು ಅಷ್ಟೇ. ಎರಡನೆಯದು ನನ್ನ ಹೊಟ್ಟೆಗೇ ಕೈ ಹಾಕಿತು. ಕನ್ನಡ ಟೈಪ್ ಮಾಡುವ ಹಳೆ ತಂತ್ರಾಂಶವನ್ನು ಅದು ಕಳ್ಳ ಅಂತ ಹಿಡಿದು, ಬಳಸಲಾಗದಂತೆ ಕೂಡಿಹಾಕುವ ಕ್ವಾರಂಟೈನ್‌ಗೆ ತಳ್ಳಿತು.

ಇದು ಕನ್ನಡದವರಿಗೆ ಮುಖ್ಯವಾದ ವಿಷಯ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ನುಡಿ, ಬರಹ ಇಂಥವು ಕೆಲಸ ಮಾಡುವ ರೀತಿ ಹೇಗೆ ಅಂದರೆ, ನೀವು ಒತ್ತುವ ಕೀಲಿಗಳನ್ನು ಮಧ್ಯದಲ್ಲಿ ಹಿಡಿದು ಕನ್ನಡ ಅಕ್ಷರ ಮಾಡಿ ಮುಂದಕ್ಕೆ ಕೊಡುತ್ತವೆ. ಪಾಸ್‌ವರ್ಡ್ ಕದಿಯುವ ಕೀಲಾಗರ್ ಅನ್ನುವ ಕಳ್ಳ ಪ್ರೋಗ್ರಾಂ ಮಾಡುವುದೂ ಕೀಲಿಗಳನ್ನು ಮಧ್ಯದಲ್ಲಿ ಹಿಡಿಯುವುದನ್ನೇ. ನಡವಳಿಕೆ ನೋಡಿ ಅನುಮಾನ ಪಡುವ ಆಂಟಿವೈರಸ್‌ಗೆ ಎರಡೂ ಒಂದೇ ಥರ ಕಾಣಬಹುದು. ನುಡಿಯ ಹಳೆ ಆವೃತ್ತಿ ಇಟ್ಟುಕೊಂಡು ಕೆಲಸ ಮಾಡುವ ಡಿಟಿಪಿಯವರು, ಪಂಚಾಯಿತಿಗೆ ಅರ್ಜಿ ಬರೆದುಕೊಡುವವರು ಇದನ್ನು ನೆನಪಿಡಬೇಕು. ಹೊಸ ಆಂಟಿವೈರಸ್ ಹಾಕಿದ ದಿನವೇ ನಿಮ್ಮ ಕನ್ನಡ ತಂತ್ರಾಂಶ ತೆರೆದು ನಾಲ್ಕು ಸಾಲು ಟೈಪ್ ಮಾಡಿ. ಹಿಡಿದುಹಾಕಿದರೆ ಎಕ್ಸೆಪ್ಶನ್ ಪಟ್ಟಿಗೆ (ಇದನ್ನು ಮುಟ್ಟಬೇಡ ಅನ್ನುವ ಪಟ್ಟಿಗೆ) ಸೇರಿಸಬೇಕು. ಆದರೆ ಆ ತಂತ್ರಾಂಶ ಅಧಿಕೃತ ಜಾಗದಿಂದ ಇಳಿಸಿದ್ದು ಅಂತ ಖಾತ್ರಿ ಇದ್ದರೆ ಮಾತ್ರ. ಯಾರೋ ಪೆನ್ ಡ್ರೈವ್‌ನಲ್ಲಿ ಕೊಟ್ಟ ನುಡಿಯನ್ನು ನಾನಂತೂ ಸೇರಿಸುವುದಿಲ್ಲ.

ಪುಕ್ಕಟೆ ಸಿಗುವ ವಿದೇಶಿ ಆಂಟಿವೈರಸ್‌ಗಳ ಬಗ್ಗೆ ಜನ ತುಂಬ ಕೇಳುತ್ತಾರೆ. ಒಂದು ಕಾಲದಲ್ಲಿ ಅವಾಸ್ಟ್, ಎವಿಜಿ ಇಲ್ಲದ ಕಂಪ್ಯೂಟರೇ ಇರಲಿಲ್ಲ. ಎರಡೂ ಬೇರೆ ಬೇರೆ ಅಂದುಕೊಂಡವರು ಇನ್ನೂ ಇದ್ದಾರೆ. 2016ರಲ್ಲೇ ಅವಾಸ್ಟ್ ಎವಿಜಿಯನ್ನು ಕೊಂಡುಕೊಂಡಿತು. 2022ರಲ್ಲಿ ನಾರ್ಟನ್ ಅವಾಸ್ಟನ್ನು ಸೇರಿಸಿಕೊಂಡು, ಈಗ ಎಲ್ಲ ಜೆನ್ ಡಿಜಿಟಲ್ ಅನ್ನುವ ಒಂದೇ ಕಂಪನಿ. ಅವೀರಾ ಕೂಡ ಅದೇ ಮನೆಯದು. ಅಂಗಡಿ ನಾಲ್ಕು, ಮಾಲೀಕ ಒಬ್ಬ. ಇನ್ನು "ಪುಕ್ಕಟೆ" ಅನ್ನುವುದರ ಹಿಂದೆ ಏನಿತ್ತು ಅನ್ನುವುದು 2020ರಲ್ಲಿ ಬಯಲಾಯಿತು. ಬಳಕೆದಾರರು ಯಾವ ಯಾವ ವೆಬ್‌ಸೈಟ್‌ಗೆ ಹೋಗುತ್ತಾರೆ ಅನ್ನುವ ಮಾಹಿತಿಯನ್ನು ಅವಾಸ್ಟ್ ತನ್ನ ಜಂಪ್‌ಶಾಟ್ ಅನ್ನುವ ಕಂಪನಿಯ ಮೂಲಕ ಮಾರುತ್ತಿತ್ತು. ಗಲಾಟೆಯಾದ ಮೇಲೆ ಜಂಪ್‌ಶಾಟ್ ಮುಚ್ಚಿದರು. 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1.65 ಕೋಟಿ ಡಾಲರ್ ಕಟ್ಟಿಸಿತು, ಜಾಹೀರಾತಿಗಾಗಿ ಇಂಥ ಮಾಹಿತಿ ಮಾರುವುದನ್ನು ನಿಷೇಧಿಸಿತು. ಈಗ ಸರಿ ಹೋಗಿರಬಹುದು. ಆದರೆ ನಮ್ಮ ಹೋಂಸ್ಟೇ ಅತಿಥಿಗಳ ಗುರುತಿನ ಚೀಟಿಯ ಪ್ರತಿ ಈ ಮಷೀನಿನಲ್ಲೇ ಇರುತ್ತದೆ. ವಿದೇಶಿಯರು ಬಂದರೆ 24 ಗಂಟೆಯೊಳಗೆ ಫಾರ್ಮ್ ಸಿ ತುಂಬಬೇಕು, ಪಾಸ್‌ಪೋರ್ಟ್ ವಿವರ ಹಾಕಬೇಕು. ಕಾವಲಿಗೆ ಇಟ್ಟವನೇ ಮನೆಗೆ ಯಾರು ಬಂದರು ಅಂತ ಊರಿಗೆ ಹೇಳಿಕೊಂಡು ತಿರುಗಿದ ಅಂತ ಒಮ್ಮೆ ಕೇಳಿದ ಮೇಲೆ ಮತ್ತೆ ಕರೆಯಲು ಮನಸ್ಸು ಬರುವುದಿಲ್ಲ.

ಕ್ಯಾಸ್ಪರ್‌ಸ್ಕಿ ಹಗುರ, ಒಳ್ಳೆಯದು ಅನ್ನುವವರಿದ್ದಾರೆ. ರಷ್ಯಾದ ಕಂಪನಿ ಅಂತ 2024ರಲ್ಲಿ ಅಮೆರಿಕ ಅದರ ಮಾರಾಟವನ್ನೇ ನಿಲ್ಲಿಸಿತು. ನಮ್ಮ ದೇಶದಲ್ಲಿ ಹಾಗೇನಿಲ್ಲ. ದೇಶ ದೇಶದ ಜಗಳ ನಮ್ಮ ಕಾಫಿ ಕಣದವರೆಗೆ ಬರುವುದಿಲ್ಲ ಅಂತ ಮಗಳು ವಾದ ಮಾಡಿದಳು. ನಾನು ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ.

ಈಗ ಡಿಫೆಂಡರ್. ಇದರ ಮೂಲ 2009ರಲ್ಲಿ ಬಂದ ಮೈಕ್ರೋಸಾಫ್ಟ್ ಸೆಕ್ಯೂರಿಟಿ ಎಸೆನ್ಶಿಯಲ್ಸ್. ವಿಂಡೋಸ್ 8ರಿಂದ ಅದು ಡಿಫೆಂಡರ್ ಅನ್ನುವ ಹೆಸರಲ್ಲಿ ವಿಂಡೋಸ್ ಒಳಗೇ ಸೇರಿತು. ಮೊದಲ ವರ್ಷಗಳಲ್ಲಿ ಪರೀಕ್ಷೆಗಳಲ್ಲಿ ಕೊನೆ ಬೆಂಚು. ಈಗ ಹಾಗಿಲ್ಲ. ಬೇರೆ ಆಂಟಿವೈರಸ್ ಹಾಕಿದರೆ ಇದು ತಾನಾಗಿ ಪಕ್ಕಕ್ಕೆ ಸರಿಯುತ್ತದೆ, ಅದನ್ನು ತೆಗೆದರೆ ಮತ್ತೆ ಎದ್ದು ಕೂರುತ್ತದೆ. ಇದು ದೊಡ್ಡ ಅನುಕೂಲ. ಎರಡು ಆಂಟಿವೈರಸ್ ಒಟ್ಟಿಗೆ ಹಾಕಿದರೆ ರಕ್ಷಣೆ ಡಬಲ್ ಅಂತ ನಂಬಿದವರನ್ನು ನೋಡಿದ್ದೇನೆ. ಆಗುವುದು ಇಷ್ಟೇ: ಒಂದೇ ಫೈಲನ್ನು ಇಬ್ಬರೂ ಹಿಡಿದು ಎಳೆದಾಡುತ್ತಾರೆ, ಮಷೀನು ನಿಂತುಬಿಡುತ್ತದೆ.

ಡಿಫೆಂಡರ್ ಹಗುರ ಅಂತ ನಾನು ಹೇಳುವುದಿಲ್ಲ. ಟಾಸ್ಕ್ ಮ್ಯಾನೇಜರ್‌ನಲ್ಲಿ "ಆಂಟಿಮಾಲ್‌ವೇರ್ ಸರ್ವಿಸ್ ಎಕ್ಸಿಕ್ಯೂಟಬಲ್" ಅಂತ ಒಂದು ಸಾಲು ಕಾಣುತ್ತದಲ್ಲ, ಅದೇ ಇದು. ಸ್ಕ್ಯಾನ್ ಶುರುವಾದರೆ ನಮ್ಮ ಹಾರ್ಡ್ ಡಿಸ್ಕ್ ಕರಕರ ಅನ್ನುವುದು ಅಡುಗೆಮನೆಗೆ ಕೇಳುತ್ತದೆ. ಅದಕ್ಕೇ ಟಾಸ್ಕ್ ಶೆಡ್ಯೂಲರ್‌ಗೆ ಹೋಗಿ ಸ್ಕ್ಯಾನ್ ಸಮಯವನ್ನು ಮಧ್ಯಾಹ್ನ ಊಟದ ಹೊತ್ತಿಗೆ ಇಟ್ಟಿದ್ದೇನೆ. ಆಗ ಯಾರೂ ಮಷೀನು ಮುಟ್ಟುವುದಿಲ್ಲ. ರಾತ್ರಿಗೆ ಇಡಿ ಅಂತ ಎಲ್ಲರೂ ಹೇಳುತ್ತಾರೆ. ರಾತ್ರಿ ಮಷೀನು ಆಫ್ ಇರುತ್ತದೆ, ನಮ್ಮಲ್ಲಿ ಕರೆಂಟೇ ಇರುತ್ತದೆ ಅನ್ನುವ ನಂಬಿಕೆ ಇಲ್ಲ.

ಸೆಟ್ಟಿಂಗ್‌ನಲ್ಲಿ ನೋಡಿಕೊಳ್ಳಬೇಕಾದ್ದು ಇನ್ನೊಂದಿದೆ. ವಿಂಡೋಸ್ ಸೆಕ್ಯೂರಿಟಿ ತೆರೆದು "ಆ್ಯಪ್ ಆ್ಯಂಡ್ ಬ್ರೌಸರ್ ಕಂಟ್ರೋಲ್" ಒಳಗೆ ಬೇಡದ ಆ್ಯಪ್‌ಗಳನ್ನು ತಡೆಯುವ ಆಯ್ಕೆ ಆನ್ ಇದೆಯಾ ನೋಡಿ. ಪುಕ್ಕಟೆ ಪಿಡಿಎಫ್ ಕನ್ವರ್ಟರ್ ಜೊತೆಗೆ ನುಸುಳುವ ಟೂಲ್‌ಬಾರ್, "ಡ್ರೈವರ್ ಅಪ್‌ಡೇಟರ್" ಇಂಥ ಕಸವನ್ನು ಹಿಡಿಯುವುದು ಅದೇ. ಹುಡುಗರಿರುವ ಮನೆಯಲ್ಲಿ ವೈರಸ್‌ಗಿಂತ ಈ ಕಸವೇ ಜಾಸ್ತಿ. ಫೈಲುಗಳಿಗೆ ಬೀಗ ಜಡಿದು ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ತಡೆಯಲು "ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್" ಅಂತ ಒಂದಿದೆ. ಅದು ಪರಿಚಯ ಇಲ್ಲದ ಪ್ರೋಗ್ರಾಂಗಳಿಗೆ ಡಾಕ್ಯುಮೆಂಟ್ಸ್ ಫೋಲ್ಡರ್‌ನಲ್ಲಿ ಬರೆಯಲು ಬಿಡುವುದಿಲ್ಲ. ಹಳೆ ಕನ್ನಡ ಎಡಿಟರ್ ಇಟ್ಟುಕೊಂಡವರು ಅದನ್ನು ಆನ್ ಮಾಡಿದರೆ, ಎಡಿಟರನ್ನು ಅನುಮತಿ ಪಟ್ಟಿಗೆ ಸೇರಿಸುವುದನ್ನು ಮರೆಯಬಾರದು. ಇಲ್ಲವಾದರೆ ಸೇವ್ ಆಗುವುದಿಲ್ಲ.

ಹಾಕಿದ ಆಂಟಿವೈರಸ್ ನಿಜಕ್ಕೂ ಎಚ್ಚರ ಇದೆಯಾ ಅಂತ ನೋಡಲು ಒಂದು ಸುಲಭ ದಾರಿ ಇದೆ. ಐಕಾರ್ ಅನ್ನುವ ಯುರೋಪಿನ ಸಂಸ್ಥೆ ಕೊಟ್ಟಿರುವ ಪರೀಕ್ಷಾ ಫೈಲ್. ಬರೀ 68 ಅಕ್ಷರ, ಯಾವ ಹಾನಿಯೂ ಇಲ್ಲ. ಅದನ್ನು ಕಂಡರೆ ವೈರಸ್ ಅಂತ ಕೂಗಬೇಕು ಅಂತ ಹೆಚ್ಚು ಕಡಿಮೆ ಎಲ್ಲ ಕಂಪನಿಗಳೂ ಒಪ್ಪಿಕೊಂಡಿವೆ. ನಾನು ಹಾಕಿ ನೋಡಿದ ಎಲ್ಲವೂ ಅದನ್ನು ಹಿಡಿದವು. ಇದರಿಂದ ಆಂಟಿವೈರಸ್ ಒಳ್ಳೆಯದಾ ಕೆಟ್ಟದಾ ಅಂತ ಗೊತ್ತಾಗುವುದಿಲ್ಲ. ನಿದ್ದೆ ಮಾಡುತ್ತಿಲ್ಲ ಅಂತ ಮಾತ್ರ ಗೊತ್ತಾಗುತ್ತದೆ. ಅಂಗಡಿಯಲ್ಲಿ ರಿಪೇರಿಗೆ ಕೊಟ್ಟು ತಂದ ಮೇಲೆ ಒಮ್ಮೆ ಮಾಡಿ ನೋಡಿ. ಕೆಲವರು ಕ್ರ್ಯಾಕ್ ಮಾಡಿದ ಆಂಟಿವೈರಸ್ ಹಾಕಿ ಕಳಿಸುತ್ತಾರೆ. ಅಪ್‌ಡೇಟ್ ಬರುವುದಿಲ್ಲ, ಐಕಾನ್ ಮಾತ್ರ ಹಸಿರಾಗಿ ಹೊಳೆಯುತ್ತಿರುತ್ತದೆ.

ಅಪ್‌ಡೇಟ್ ಅಂದಾಗ ನಮ್ಮ ಮಳೆ ನೆನಪಾಗುತ್ತದೆ. ಆಟಿ ತಿಂಗಳಲ್ಲಿ ಮರ ಬಿದ್ದು ಲೈನ್ ಕಿತ್ತರೆ ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ದಿನಗಟ್ಟಲೆ ಹಾಗೇ. ಈಗಿನ ಆಂಟಿವೈರಸ್‌ಗಳು ಕ್ಲೌಡ್ ನಂಬಿಕೊಂಡಿವೆ, ಅನುಮಾನ ಬಂದ ಫೈಲಿನ ಬಗ್ಗೆ ಕಂಪನಿಯ ಸರ್ವರ್‌ಗೆ ಕೇಳಿ ತಿಳಿದುಕೊಳ್ಳುತ್ತವೆ. ನೆಟ್ ಇಲ್ಲದಾಗ ಕೈ ಕಟ್ಟಿದ ಹಾಗೆ. ಡಿಫೆಂಡರ್ ಕೂಡ ಇದಕ್ಕೆ ಹೊರತಲ್ಲ. ಸಮಾಧಾನ ಏನೆಂದರೆ ನೆಟ್ ಇಲ್ಲದಾಗ ಅಪಾಯ ಬರುವ ದಾರಿಯೂ ಪೆನ್ ಡ್ರೈವ್ ಒಂದೇ. ಹಾಗಾಗಿ ನಮ್ಮ ಮನೆಯಲ್ಲಿ ಒಂದು ಕಟ್ಟಪ್ಪಣೆ: ನೆಟ್ ವಾಪಸ್ ಬಂದು ಅಪ್‌ಡೇಟ್ ಆಗುವವರೆಗೆ ಹೊರಗಿನ ಪೆನ್ ಡ್ರೈವ್ ಚುಚ್ಚುವ ಹಾಗಿಲ್ಲ. ಅಪ್‌ಡೇಟ್ ಫೈಲನ್ನು ಮೈಕ್ರೋಸಾಫ್ಟ್ ಸೈಟಿನಿಂದ ಬೇರೆ ಕಡೆ ಇಳಿಸಿಕೊಂಡು ತಂದೂ ಹಾಕಬಹುದು. ಮಗಳು ಕುಶಾಲನಗರದಿಂದ ಬರುವಾಗ ತಂದುಕೊಡುತ್ತಾಳೆ.

ಇನ್ನು ನಾನು ಮೊದಲು ಹೇಳಿದ ವಿಷಯ, ಅಡ್ಮಿನ್ ಪಾಸ್‌ವರ್ಡ್. ಬಹಳಷ್ಟು ಮನೆಗಳಲ್ಲಿ ಕಂಪ್ಯೂಟರ್‌ಗೆ ಒಂದೇ ಖಾತೆ. ಅದರಲ್ಲೇ ಅಪ್ಪನ ಬ್ಯಾಂಕು, ಮಗನ ಗೇಮು, ಅಜ್ಜಿಯ ಭಜನೆ. ಆ ಖಾತೆಯೇ ಅಡ್ಮಿನ್. ಅಂದರೆ ಹುಡುಗ ಇಳಿಸಿದ ಗೇಮ್ ಚೀಟ್ ಕೋಡ್‌ಗೆ ಇಡೀ ಮಷೀನಿನ ಬೀಗದ ಕೈ ಸಿಕ್ಕಿದ ಹಾಗಾಯಿತು. ಯಾವ ಆಂಟಿವೈರಸ್ ತಂದರೂ ಅದನ್ನು ಆಫ್ ಮಾಡುವ ಅಧಿಕಾರ ಆ ಖಾತೆಗೇ ಇದೆ. ಗೇಮ್ ಚೀಟ್‌ಗಳ ಜೊತೆ ಬರುವ ಸೂಚನೆಯಲ್ಲಿ "ಮೊದಲು ಆಂಟಿವೈರಸ್ ಆಫ್ ಮಾಡಿ" ಅಂತಲೇ ಬರೆದಿರುತ್ತಾರೆ. ಒಂಬತ್ತನೇ ಕ್ಲಾಸಿನ ಹುಡುಗ ಸೂಚನೆಯನ್ನು ಪಾಲಿಸುವುದು ಅಲ್ಲೊಂದೇ ಕಡೆ.

ನಾವು ಪ್ರತಿಯೊಬ್ಬರಿಗೂ ಬೇರೆ ಬೇರೆ ಸ್ಟ್ಯಾಂಡರ್ಡ್ ಖಾತೆ ಮಾಡಿದ್ದೇವೆ. ಅಡ್ಮಿನ್ ಖಾತೆ ಬೇರೆಯೇ ಇದೆ, ಅದರಲ್ಲಿ ದಿನನಿತ್ಯದ ಕೆಲಸ ನಾನೂ ಮಾಡುವುದಿಲ್ಲ. ಏನಾದರೂ ಇನ್‌ಸ್ಟಾಲ್ ಮಾಡಬೇಕಾದರೆ ಪಾಸ್‌ವರ್ಡ್ ಕೇಳುತ್ತದೆ, ನನ್ನನ್ನು ಕರೆಯಬೇಕು. ಮೊದಮೊದಲು ಮೈದುನನ ಮಗ ಮುಖ ಊದಿಸಿಕೊಂಡ. ಯಜಮಾನರೂ "ನನ್ನ ಕಂಪ್ಯೂಟರಿಗೆ ನಿನ್ನ ಅಪ್ಪಣೆ ಬೇಕಾ" ಅಂದರು. ಬೇಕು. ಅತಿಥಿಗಳಿಗೆ ಒಂದು ಬರಿಗೈ ಖಾತೆ ಇದೆ, ಅದರಲ್ಲಿ ಬ್ರೌಸರ್ ಮತ್ತು ಪ್ರಿಂಟರ್ ಬಿಟ್ಟರೆ ಏನಿಲ್ಲ. ಈಗಂತೂ ಪೆನ್ ಡ್ರೈವ್ ಬದಲು "ಮೇಲ್ ಮಾಡಿ, ಪ್ರಿಂಟ್ ಕೊಡುತ್ತೇನೆ" ಅನ್ನುತ್ತೇನೆ. ಈ ಒಂದು ಬದಲಾವಣೆಯಿಂದ ಆದಷ್ಟು ಅನುಕೂಲ ಯಾವ ಪೆಟ್ಟಿಗೆಯ ಆಂಟಿವೈರಸ್‌ನಿಂದಲೂ ಆಗಿರಲಿಲ್ಲ. ಖರ್ಚು ಸೊನ್ನೆ. 4 ಜಿಬಿ ರ‍್ಯಾಮ್ ಇರುವವರಿಗೆ ಒಂದು ಮಾತು: ಖಾತೆ ಬದಲಿಸುವಾಗ "ಸ್ವಿಚ್ ಯೂಸರ್" ಬೇಡ, "ಸೈನ್ ಔಟ್" ಮಾಡಿ. ಇಲ್ಲದಿದ್ದರೆ ಅತ್ತೆಯ ಯೂಟ್ಯೂಬ್ ಹಿಂದೆ ರ‍್ಯಾಮ್ ತಿನ್ನುತ್ತಲೇ ಇರುತ್ತದೆ.

ಆಂಟಿವೈರಸ್ ಹಿಡಿಯದ ಕಾಟವೂ ಒಂದಿದೆ. ಅತ್ತೆಯ ಖಾತೆಯಲ್ಲಿ ಪರದೆಯ ಬಲಮೂಲೆಯಿಂದ "5 ವೈರಸ್ ಸಿಕ್ಕಿವೆ, ಕೂಡಲೇ ರಿನ್ಯೂ ಮಾಡಿ" ಅಂತ ಹೆಸರಾಂತ ಕಂಪನಿಯ ಲಾಂಛನದ ಜೊತೆ ಬರುತ್ತಿತ್ತು. ಆ ಕಂಪನಿಗೂ ಇದಕ್ಕೂ ಸಂಬಂಧವೇ ಇಲ್ಲ. ಯಾವುದೋ ಸೈಟು "ನೋಟಿಫಿಕೇಶನ್ ಅನುಮತಿಸಿ" ಅಂತ ಕೇಳಿತ್ತು, ಅತ್ತೆ ಅನುಮತಿಸಿದ್ದರು. ಅದು ವೈರಸ್ಸೇ ಅಲ್ಲ, ಬ್ರೌಸರ್‌ನ ಒಂದು ಸೌಲಭ್ಯ. ಹಾಗಾಗಿ ಯಾವ ಸ್ಕ್ಯಾನ್‌ಗೂ ಸಿಗುವುದಿಲ್ಲ. ಬ್ರೌಸರ್ ಸೆಟ್ಟಿಂಗ್‌ನಲ್ಲಿ ಎಲ್ಲ ಸೈಟುಗಳ ನೋಟಿಫಿಕೇಶನ್ ನಿಲ್ಲಿಸಿದೆ, ಮುಗಿಯಿತು. ಫೈರ್‌ಫಾಕ್ಸ್ ಹಾಕಿ ಅದಕ್ಕೆ ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ಸೇರಿಸಿದೆ. ಕ್ರೋಮ್‌ನಲ್ಲಿ ಈಗ ಅದರ ಲೈಟ್ ಆವೃತ್ತಿ ಮಾತ್ರ ನಡೆಯುತ್ತದೆ, ಪೂರ್ತಿ ಆವೃತ್ತಿ ಬೇಕಾದರೆ ಫೈರ್‌ಫಾಕ್ಸೇ ಸರಿ. ಜಾಹೀರಾತು ಹೋದರೆ ಮೋಸದ "ಡೌನ್‌ಲೋಡ್" ಬಟನ್‌ಗಳೂ ಹೋಗುತ್ತವೆ, ಪುಟವೂ ಬೇಗ ತೆರೆಯುತ್ತದೆ. ಹಳೆ ಮಷೀನಿಗೆ ಇದು ಟಾನಿಕ್. ಇನ್ನು ಪರದೆ ತುಂಬ ಬಂದು ಸದ್ದು ಮಾಡಿ "ಈ ನಂಬರಿಗೆ ಫೋನ್ ಮಾಡಿ" ಅನ್ನುವ ಪುಟ ಬಂದರೆ ಫೋನ್ ಮಾಡಬೇಡಿ. ಎಸ್ಕೇಪ್ ಕೀ ಒತ್ತಿ ಹಿಡಿಯಿರಿ, ಆಗದಿದ್ದರೆ ಆಲ್ಟ್ ಮತ್ತು ಎಫ್4. ಅಕಸ್ಮಾತ್ ಯಾರಾದರೂ ದುಡ್ಡು ಕಳಿಸಿಬಿಟ್ಟರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಆ ನಂಬರನ್ನು ಮಾನಿಟರ್ ಅಂಚಿಗೆ ಅಂಟಿಸಿದ್ದೇನೆ.

ರ‍್ಯಾನ್ಸಮ್‌ವೇರ್ ಹೆದರಿಕೆ ತೋರಿಸಿ ಅಂಗಡಿಯವರು ದೊಡ್ಡ ಪ್ಯಾಕೇಜ್ ಮಾರುತ್ತಾರೆ. ಹೆದರಿಕೆ ಸುಳ್ಳಲ್ಲ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಅನ್ನುವ ಇಂಥದ್ದೊಂದು ಜಗತ್ತನ್ನೇ ನಡುಗಿಸಿತು. ಆದರೆ ಅದು ನುಗ್ಗಿದ ಕಂಡಿಗೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ತೇಪೆ ಕೊಟ್ಟಿತ್ತು. ವಿಂಡೋಸ್ ಅಪ್‌ಡೇಟ್ ಮಾಡದವರೇ ಸಿಕ್ಕಿಬಿದ್ದದ್ದು. ರ‍್ಯಾನ್ಸಮ್‌ವೇರ್‌ಗೆ ನಿಜವಾದ ಮದ್ದು ಬ್ಯಾಕಪ್. 2018ರ ಆಗಸ್ಟ್‌ನಲ್ಲಿ ನಮ್ಮ ಸುತ್ತಮುತ್ತ ಗುಡ್ಡಗಳು ಜರಿದು ಎಷ್ಟೋ ಮನೆಗಳು ಮಣ್ಣಿನಡಿ ಹೋದವು. ಆಮೇಲೆ ಪಹಣಿ, ಕ್ರಯಪತ್ರ, ಮಾರ್ಕ್ಸ್ ಕಾರ್ಡ್ ಎಲ್ಲ ಸ್ಕ್ಯಾನ್ ಮಾಡಿ ಇಟ್ಟುಕೊಂಡೆವು. ಅದರ ಒಂದು ಪ್ರತಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ನಲ್ಲಿ, ಇನ್ನೊಂದು ಮೈಸೂರಿನ ನಾದಿನಿ ಮನೆಯಲ್ಲಿ. ಬ್ಯಾಕಪ್ ಮುಗಿದ ಕೂಡಲೇ ಡಿಸ್ಕ್ ಕಿತ್ತು ಬೀರುವಿನಲ್ಲಿ ಇಡುತ್ತೇನೆ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ, ಇಲ್ಲದಿದ್ದರೆ ನಮ್ಮ ಮಳೆಗೆ ಎಲ್ಲದಕ್ಕೂ ಬೂಷ್ಟು. ಚುಚ್ಚಿಯೇ ಬಿಟ್ಟ ಡಿಸ್ಕನ್ನು ರ‍್ಯಾನ್ಸಮ್‌ವೇರ್ ಕೂಡ ಬಿಡುವುದಿಲ್ಲ, ಏಪ್ರಿಲ್-ಮೇ ಸಿಡಿಲೂ ಬಿಡುವುದಿಲ್ಲ.

ಹಾಗಾದರೆ ದುಡ್ಡು ಕೊಟ್ಟು ಆಂಟಿವೈರಸ್ ತೆಗೆದುಕೊಳ್ಳುವವರು ಯಾರು? ಝೆರಾಕ್ಸ್ ಅಂಗಡಿ, ಪ್ರೆಸ್ಸು, ದಿನಕ್ಕೆ ಹತ್ತಾರು ಪೆನ್ ಡ್ರೈವ್ ನೋಡುವ ಜಾಗ ಇದ್ದರೆ ತೆಗೆದುಕೊಳ್ಳಲಿ. ಏನಾದರೂ ಆದರೆ ಫೋನ್ ಮಾಡಲು ಒಬ್ಬರು ಬೇಕು ಅನ್ನುವವರೂ ತೆಗೆದುಕೊಳ್ಳಲಿ, ಅದು ತಪ್ಪಲ್ಲ. ಆದರೆ ಟೋಟಲ್ ಸೆಕ್ಯೂರಿಟಿ ಅನ್ನುವ ದೊಡ್ಡ ಪ್ಯಾಕೇಜ್ ಬೇಡ, ಅದೇ ಕಂಪನಿಯ ಸಣ್ಣ ಆಂಟಿವೈರಸ್ ಸಾಕು. ಆನ್‌ಲೈನ್‌ನಲ್ಲಿ ಕೊಂಡರೆ ಆಟೋ ರಿನ್ಯೂವಲ್ ಟಿಕ್ ತೆಗೆಯಿರಿ. ಬಿಟ್ಟರೂ, ದುಡ್ಡು ಹೋಗುವ 24 ಗಂಟೆ ಮುಂಚೆ ಬ್ಯಾಂಕಿನಿಂದ ಸಂದೇಶ ಬರಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ, ಅದನ್ನು ಓದದೆ ಅಳಿಸಬೇಡಿ. ಬರೀ ಅನುಮಾನ ಪರಿಹಾರ ಆಗಬೇಕಿದ್ದರೆ ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರದ ಸೈಟಿನಲ್ಲಿ ಬಾಟ್ (ಮಷೀನನ್ನು ಹೊರಗಿನವರ ಹಿಡಿತಕ್ಕೆ ಕೊಡುವ ಕಳ್ಳ ಪ್ರೋಗ್ರಾಂ) ತೆಗೆಯುವ ಪುಕ್ಕಟೆ ಟೂಲ್‌ಗಳಿವೆ. 2017ರಿಂದ ಇದೆ, ನಮ್ಮವರಿಗೆ ಗೊತ್ತೇ ಇಲ್ಲ.

ಆಂಟಿವೈರಸ್‌ಗೆ ಇಟ್ಟಿದ್ದ ದುಡ್ಡಿನಲ್ಲಿ ನಾವು ಒಂದು ಸಣ್ಣ ಎಸ್‌ಎಸ್‌ಡಿ ಹಾಕಿಸುತ್ತಿದ್ದೇವೆ. ಸ್ವಲ್ಪ ಮೇಲೆ ಬೀಳುತ್ತದೆ, ಆದರೆ ಒಂದೇ ಸಲದ ಖರ್ಚು. ಡಿಫೆಂಡರ್ ಕರಕರ ಅಲ್ಲಿಗೆ ನಿಲ್ಲಬೇಕು.

ಉಳಿದಿರುವ ತಲೆನೋವು ವಿಂಡೋಸ್ 10ರದ್ದೇ. 2025ರ ಅಕ್ಟೋಬರ್ 14ಕ್ಕೆ ಅದರ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್ ಆದರೆ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು, ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು. ನಮ್ಮದು ನಾಲ್ಕನೇ ತಲೆಮಾರು. ಮೈಕ್ರೋಸಾಫ್ಟ್ ಖಾತೆಯಲ್ಲಿ ಸೈನ್ ಇನ್ ಆಗಿ ಸೆಟ್ಟಿಂಗ್ ಬ್ಯಾಕಪ್ ಆನ್ ಮಾಡಿದರೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಪುಕ್ಕಟೆ ಸಿಗುತ್ತದೆ, ಅದಕ್ಕೆ ಸೇರಿಸಿದ್ದೇನೆ. ಡಿಫೆಂಡರ್‌ಗೆ ವೈರಸ್ ಪಟ್ಟಿ 2028ರವರೆಗೂ ಬರುತ್ತದೆ ಅಂತ ಮೈಕ್ರೋಸಾಫ್ಟ್ ಹೇಳಿದೆ. ಆದರೆ ವಿಂಡೋಸ್‌ನ ತೂತುಗಳಿಗೆ ತೇಪೆ ನಿಂತ ಮೇಲೆ ಪಟ್ಟಿ ಬಂದು ಅಷ್ಟೇನೂ ಉಪಯೋಗ ಇಲ್ಲ, ದುಡ್ಡು ಕೊಟ್ಟ ಆಂಟಿವೈರಸ್‌ಗೂ ಅದೇ ಮಾತು. "ವಿಂಡೋಸ್ 10 ಇದ್ದರೇನು, ನಮ್ಮದು ಹಾಕಿಸಿ, ಸೇಫ್" ಅನ್ನುವ ಅಂಗಡಿಯಿಂದ ಎದ್ದು ಬನ್ನಿ.

ಮಗಳು ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕೋಣ ಅನ್ನುತ್ತಿದ್ದಾಳೆ. 4 ಜಿಬಿಯಲ್ಲಿ ಓಡುತ್ತದೆ. ಮಾವನ ಇ-ಪೇಪರ್, ಅತ್ತೆಯ ಭಜನೆಗೆ ಬ್ರೌಸರ್ ಇದ್ದರೆ ಆಯಿತು. ನುಡಿಯಲ್ಲಿರುವ ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆಯೂ ಅಲ್ಲಿ ಸಿಗುತ್ತದೆ, ನನ್ನ ಬೆರಳಿಗೆ ತೊಂದರೆ ಇಲ್ಲ. ಹಳೆ ನುಡಿ ಫಾಂಟಿನಲ್ಲಿರುವ ನನ್ನ ಪ್ರೆಸ್ ಕಾಲದ ಫೈಲುಗಳನ್ನು ಯೂನಿಕೋಡ್‌ಗೆ ಬದಲಿಸಬೇಕು, ಯಜಮಾನರ ಚೆಕ್‌ರೋಲ್‌ನ ಮ್ಯಾಕ್ರೋಗಳು (ಕೆಲಸವನ್ನು ತಾನಾಗಿ ಮಾಡುವ ಸೂಚನೆಗಳು) ಎಕ್ಸೆಲ್ ಬದಲಿನ ಲಿಬ್ರೆ ಆಫೀಸ್‌ನಲ್ಲಿ ನಡೆಯುತ್ತವಾ ನೋಡಬೇಕು. ಎಸ್‌ಎಸ್‌ಡಿ ಬಂದ ಮೇಲೆ ಎರಡನ್ನೂ ಶುರು ಮಾಡುತ್ತೇನೆ.